ಬೇಡವೆಂದವನಿಗೆ ಮೂರು ಪ್ರತಿಮೆಗಳು

ಪ್ಯಾರಿಸ್ ನಗರದಲ್ಲಿ 'ಶಾಲೆಗಳ ಬೀದಿ' ಎಂಬ ಅರ್ಥದ ಹೆಸರು ಹೊತ್ತ ರಸ್ತೆಯೊಂದಿದೆ. ಅದರ ಒಂದು ಬದಿಯಲ್ಲಿ ಸೊರ್ಬಾನ್ ವಿಶ್ವವಿದ್ಯಾಲಯದ ಗಂಭೀರವಾದ ಮುಂಭಾಗ. ಎದುರು ಬದಿಯಲ್ಲಿ ಒಂದು ಚಿಕ್ಕ ಉದ್ಯಾನ. ಆ ಉದ್ಯಾನದ ಅಂಚಿನಲ್ಲಿ, ನಡೆದುಹೋಗುವವರ ಕೈಗೆ ನಿಲುಕುವಷ್ಟು ಸಮೀಪದಲ್ಲಿ, ಒಬ್ಬ ಮನುಷ್ಯ ಕಾಲ ಮೇಲೆ ಕಾಲು ಹಾಕಿಕೊಂಡು ಕುಳಿತಿದ್ದಾನೆ. ಹದಿನಾರನೆಯ ಶತಮಾನದ ಉಡುಪು, ಕತ್ತಿನ ಸುತ್ತ ನೆರಿಗೆಯ ಪಟ್ಟಿ, ತುಟಿಯಂಚಿನಲ್ಲಿ ಇದೆಯೋ ಇಲ್ಲವೋ ಎಂಬಷ್ಟು ನಗು. ಪ್ರತಿಮೆಗಳು ಸಾಮಾನ್ಯವಾಗಿ ದೂರದ ದಿಗಂತವನ್ನು ನೋಡುತ್ತವೆ, ಇದು ಹಾಗಲ್ಲ. ಎದುರಿನ ವಿಶ್ವವಿದ್ಯಾಲಯದಿಂದ ಹೊರಬರುವವರನ್ನು ವಿಚಾರಿಸಲು ಕುಳಿತ ಹಿರಿಯನಂತೆ ತುಸು ಮುಂದಕ್ಕೆ ಬಾಗಿದೆ. ಮೈಯೆಲ್ಲ ಕಂಚಿನ ಕಪ್ಪು ಬಣ್ಣ. ಬಲಗಾಲಿನ ಪಾದರಕ್ಷೆ ಮಾತ್ರ ಹೊಸ ಹಿತ್ತಾಳೆಯಂತೆ ಹೊಳೆಯುತ್ತದೆ.

ಹೊಳಪಿಗೆ ಕಾರಣ ವಿದ್ಯಾರ್ಥಿಗಳು. ಪರೀಕ್ಷೆಗೆ ಹೋಗುವ ಮುನ್ನ ಈ ಪಾದವನ್ನು ಮುಟ್ಟಿ, ಮಾಂಟೇನ್ ಮಹಾಶಯನಿಗೊಂದು ನಮಸ್ಕಾರ ಹೇಳಿದರೆ ಅದೃಷ್ಟ ಒಲಿಯುತ್ತದೆ ಎಂಬ ನಂಬಿಕೆ ಅಲ್ಲಿ ಬೆಳೆದಿದೆ. ಮಾರ್ಚ್ ತಿಂಗಳು ಬಂದಾಗ ಹಾಲ್ ಟಿಕೆಟನ್ನು ದೇವರ ಮುಂದಿಟ್ಟು ಮಕ್ಕಳನ್ನು ಪರೀಕ್ಷೆಗೆ ಕಳುಹಿಸುವ ನಮಗೆ ಇದೇನೂ ವಿಚಿತ್ರವೆನಿಸಬೇಕಾಗಿಲ್ಲ. ಆದರೆ ಪಾದದ ಒಡೆಯ ಯಾರೆಂಬುದನ್ನು ಬಲ್ಲವರಿಗೆ ಇದರಲ್ಲಿ ಸ್ವಲ್ಪ ನಗು ಬರದಿರದು. ಪರೀಕ್ಷೆಗಾಗಿ ಬಾಯಿಪಾಠ ಮಾಡುವ ವಿದ್ಯೆಯನ್ನು ಯುರೋಪಿನಲ್ಲಿ ಅತ್ಯಂತ ನಿರ್ದಾಕ್ಷಿಣ್ಯವಾಗಿ ಗೇಲಿಮಾಡಿದ ಬರಹಗಾರನ ಪಾದವದು.

ಮಿಷೆಲ್ ದ ಮಾಂಟೇನ್ 1533ರ ಫೆಬ್ರವರಿ 28ರಂದು ಫ್ರಾನ್ಸಿನ ನೈಋತ್ಯ ಭಾಗದ ಪೆರಿಗೋರ್ ಸೀಮೆಯಲ್ಲಿ, ತನ್ನ ಮನೆತನದ ಹೆಸರಿಗೆ ಕಾರಣವಾದ ಕೋಟೆಮನೆಯಲ್ಲಿ ಹುಟ್ಟಿದ. ಬೋರ್ದೋ ನಗರದ ಉಚ್ಚ ನ್ಯಾಯಾಲಯವಾಗಿದ್ದ 'ಪಾರ್ಲಮಾ'ದಲ್ಲಿ ಹದಿಮೂರು ವರ್ಷ ನ್ಯಾಯಾಧೀಶನಾಗಿದ್ದು, 1570ರಲ್ಲಿ ಆ ಹುದ್ದೆಯನ್ನು ಬಿಟ್ಟುಕೊಟ್ಟು, ಮರುವರ್ಷ ತನ್ನ ಮೂವತ್ತೆಂಟನೆಯ ಹುಟ್ಟುಹಬ್ಬದ ದಿನ ಮನೆಯ ಗೋಪುರದಲ್ಲಿದ್ದ ಗ್ರಂಥಾಲಯಕ್ಕೆ ನಿವೃತ್ತನಾದ. ಅಲ್ಲಿ ಬರೆದ ಬರಹಗಳನ್ನು 1580ರಲ್ಲಿ 'ಎಸೇ' ಎಂಬ ಹೆಸರಿನಲ್ಲಿ ಎರಡು ಭಾಗಗಳಾಗಿ ಪ್ರಕಟಿಸಿದ. ಮೂರನೆಯ ಭಾಗ 1588ರಲ್ಲಿ ಸೇರಿತು. ಆ ಪದಕ್ಕೆ ಪ್ರಯತ್ನ, ಪರೀಕ್ಷೆ, ಒರೆಹಚ್ಚಿ ನೋಡುವುದು ಎಂದೆಲ್ಲ ಅರ್ಥ. ಅಲ್ಲಿಯವರೆಗೆ ಸಾಹಿತ್ಯದ ಒಂದು ಪ್ರಕಾರಕ್ಕೆ ಆ ಹೆಸರು ಇರಲಿಲ್ಲ. ನಮ್ಮ ಮಕ್ಕಳು ಶಾಲೆಯಲ್ಲಿ ಬರೆಯುವ ಪ್ರಬಂಧಕ್ಕೂ, ಎ. ಎನ್. ಮೂರ್ತಿರಾಯರಂಥವರು ಕನ್ನಡದಲ್ಲಿ ಬೆಳೆಸಿದ ಲಲಿತ ಪ್ರಬಂಧಕ್ಕೂ ಇಂಗ್ಲಿಷಿನ ಮೂಲಕ ಹರಿದುಬಂದ ಒಂದು ತೊರೆಯ ಮೂಲ ಆ ಗೋಪುರದ ಕೋಣೆಯಲ್ಲಿದೆ.

ಈ ಪುಸ್ತಕದ ಎರಡನೆಯ ಭಾಗದಲ್ಲಿ ಒಂದು ಸಣ್ಣ ಮಾತು ಬರುತ್ತದೆ. ತನ್ನ ಕುರಿತು ತಾನೇ ಇಷ್ಟೆಲ್ಲ ಬರೆದುಕೊಳ್ಳುವುದೇಕೆ ಎಂಬ ಆಕ್ಷೇಪಕ್ಕೆ ಮಾಂಟೇನ್ ಉತ್ತರ ಕೊಡುತ್ತಾನೆ: ಊರಿನ ನಾಲ್ಕು ದಾರಿ ಕೂಡುವಲ್ಲಿಯೋ, ಇಗರ್ಜಿಯಲ್ಲಿಯೋ, ಸಾರ್ವಜನಿಕ ಚೌಕದಲ್ಲಿಯೋ ನೆಡುವುದಕ್ಕೆಂದು ತಾನು ಪ್ರತಿಮೆಯನ್ನು ಕಡೆಯುತ್ತಿಲ್ಲ, ಇದು ಪುಸ್ತಕದ ಕೋಣೆಯ ಒಂದು ಮೂಲೆಗೆ, ನೆರೆಯವನೋ ಬಂಧುವೋ ಸ್ನೇಹಿತನೋ ತನ್ನೊಡನೆ ಹೊತ್ತು ಕಳೆಯುವುದಕ್ಕೆ ಎಂಬುದು ಆ ಉತ್ತರದ ತಾತ್ಪರ್ಯ. ದಸ್ತಾವೇಜು ಓದುವ ಅಭ್ಯಾಸದವನಾದ ನನಗೆ ಈ ನಿಷೇಧದ ಪಟ್ಟಿ ಕುತೂಹಲ ಹುಟ್ಟಿಸಿತು. ಮೂರು ಸ್ಥಳಗಳನ್ನು ಆತ ಹೆಸರಿಸಿ ಬೇಡವೆಂದಿದ್ದಾನೆ. ಮುಂದಿನ ತಲೆಮಾರುಗಳು ಆ ಮೂರೂ ಸ್ಥಳಗಳಲ್ಲಿ ಅವನನ್ನು ಕಲ್ಲಾಗಿಸಿ ಇಟ್ಟಿವೆ.

ಮೊದಲನೆಯದು ಇಗರ್ಜಿ. 1592ರ ಸೆಪ್ಟೆಂಬರಿನಲ್ಲಿ ಆತ ತೀರಿಕೊಂಡ ಮೇಲೆ ಹೆಂಡತಿ ಫ್ರಾಂಸ್ವಾಸ್ ದ ಲಾ ಶಸೇನ್ ಬೋರ್ದೋದ ಫೊಯ್ಯಾಂ ಮಠದ ಇಗರ್ಜಿಯಲ್ಲಿ ಸಮಾಧಿ ಮಾಡಿಸಿದಳು. ಅದರ ಮೇಲೆ ಮಲಗಿರುವುದು ಒಬ್ಬ ಯೋಧ: ಮೈಗೆ ಪೂರ್ಣ ಕವಚ, ಜೋಡಿಸಿದ ಕೈಗಳು, ಕಾಲ ಬುಡದಲ್ಲಿ ಸಿಂಹ. ಕುದುರೆ ಸವಾರಿಯ ಮೇಲೆ ಮಾಂಟೇನನಿಗೆ ಪ್ರೀತಿಯಿತ್ತು, ಕುಲೀನ ಎನಿಸಿಕೊಳ್ಳುವುದೂ ಅವನಿಗೆ ಅಪ್ರಿಯವಾಗಿರಲಿಲ್ಲ. ಆದರೂ ತನ್ನ ಮೂತ್ರಪಿಂಡದ ಕಲ್ಲಿನ ನೋವು, ಕರಬೂಜದ ರುಚಿ, ಮರೆವು, ಸೋಮಾರಿತನ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಬರೆದವನನ್ನು ಉಕ್ಕಿನ ಕವಚದೊಳಗೆ ಮುಚ್ಚಿಟ್ಟದ್ದು ವಿಚಿತ್ರವೇ. ಸಮಾಧಿಯ ಎರಡು ಬದಿಗಳಲ್ಲಿ ಎರಡು ಲೇಖಗಳಿವೆ; ಒಂದು ಗ್ರೀಕ್ ಭಾಷೆಯಲ್ಲಿ, ಇನ್ನೊಂದು ಲ್ಯಾಟಿನ್‌ನಲ್ಲಿ. ಆತ ಬದುಕಿಡೀ ಬರೆದ ಫ್ರೆಂಚ್ ಭಾಷೆಗೆ ಆತನ ಸಮಾಧಿಯಲ್ಲಿ ಜಾಗ ಸಿಗಲಿಲ್ಲ. ಫ್ರೆಂಚ್ ಕ್ರಾಂತಿಯ ಬಳಿಕ, 1800ರ ಸುಮಾರಿಗೆ, ಆತನ ಅಸ್ಥಿಯನ್ನು ಊರ ವಸ್ತುಸಂಗ್ರಹಾಲಯಕ್ಕೆ ಸಕಲ ಗೌರವಗಳೊಡನೆ ಮೆರವಣಿಗೆಯಲ್ಲಿ ಒಯ್ಯಲಾಯಿತು. ಕೆಲವು ವರ್ಷಗಳ ಅನಂತರ ತಿಳಿದದ್ದು, ಒಯ್ದದ್ದು ಆತನದಲ್ಲ, ಅದೇ ಕುಟುಂಬದ ಸ್ತ್ರೀಯೊಬ್ಬಳ ಅಸ್ಥಿ ಎಂದು. ಈ ಸುದ್ದಿ ಕೇಳಿದ್ದರೆ ಮಾಂಟೇನ್ ಅದರ ಮೇಲೆಯೇ ಒಂದು ಪ್ರಬಂಧ ಬರೆಯುತ್ತಿದ್ದನೆಂಬುದರಲ್ಲಿ ನನಗೆ ಸಂಶಯವಿಲ್ಲ. ಸಮಾಧಿ ಈಗ ಬೋರ್ದೋದ ಅಕಿಟೇನ್ ವಸ್ತುಸಂಗ್ರಹಾಲಯದಲ್ಲಿದೆ.

ಎರಡನೆಯದು ಸಾರ್ವಜನಿಕ ಚೌಕ. ಬೋರ್ದೋದ ಕೆಂಕೋನ್ಸ್ ಎಂಬ ವಿಶಾಲ ಬಯಲಿನಲ್ಲಿ 1858ರಲ್ಲಿ ಎರಡು ಅಮೃತಶಿಲೆಯ ಪ್ರತಿಮೆಗಳನ್ನು ನಿಲ್ಲಿಸಿದರು. ಎರಡನ್ನೂ ಕಡೆದವನು ದೊಮಿನಿಕ್ ಮಾಗ್ಗೇಸಿ. ಒಂದು ಮಾಂಟೇನನದು, ಇನ್ನೊಂದು ಅಧಿಕಾರ ವಿಭಜನೆಯ ತತ್ತ್ವದಿಂದ ಕಾನೂನು ವಿದ್ಯಾರ್ಥಿಗಳೆಲ್ಲರಿಗೂ ಪರಿಚಿತನಾದ ಮಾಂಟೆಸ್ಕ್ಯೂನದು. ಇಬ್ಬರೂ ಅದೇ ಊರಿನ ಅದೇ ನ್ಯಾಯಾಲಯದಲ್ಲಿ, ಸುಮಾರು ಒಂದೂವರೆ ಶತಮಾನದ ಅಂತರದಲ್ಲಿ, ನ್ಯಾಯಪೀಠವನ್ನು ಬಿಟ್ಟು ಬರವಣಿಗೆಗೆ ಹೋದವರು. ನಗರವೊಂದು ತನ್ನ ಇಬ್ಬರು ನ್ಯಾಯಾಧೀಶರನ್ನು ಅವರು ಬರೆದ ತೀರ್ಪುಗಳಿಗಾಗಿ ಅಲ್ಲ, ತೀರ್ಪು ಬರೆಯುವುದನ್ನು ನಿಲ್ಲಿಸಿದ ಮೇಲೆ ಬರೆದುದಕ್ಕಾಗಿ ನೆನೆದುಕೊಂಡಿತು. ಪ್ರತಿಮೆಗಳಾಗಿ ಅವು ಘನವಾಗಿವೆ, ದೊಡ್ಡದಾಗಿವೆ. ಅದಕ್ಕಿಂತ ಹೆಚ್ಚಿಗೆ ಹೇಳಲು ನನಗೆ ತೋಚುವುದಿಲ್ಲ.

ಮೂರನೆಯದು, ನಾಲ್ಕು ಜನ ಹಾದುಹೋಗುವ ಬೀದಿ. ಅದೇ ಪ್ಯಾರಿಸಿನ ಪ್ರತಿಮೆ. ಅದರ ಹಿಂದಿರುವುದು ಅರ್ತ್ಯೂರ್ ಅರ್ಮೆಂಗೋ ಎಂಬ ಬೋರ್ದೋದ ವೈದ್ಯನೊಬ್ಬನ ದೀರ್ಘಕಾಲದ ಭಕ್ತಿ. ಕ್ಷಯರೋಗದ ವಿರುದ್ಧದ ಕೆಲಸದಲ್ಲಿ ಹೆಸರಾದ ಈ ವೈದ್ಯ 1912ರಲ್ಲಿ ಮಾಂಟೇನ್ ಸ್ನೇಹಿತರ ಸಂಘವನ್ನು ಸ್ಥಾಪಿಸಿದ. ಮಾಂಟೇನನ ಸಮಗ್ರ ಕೃತಿಗಳನ್ನು ಸಂಪಾದಿಸಿದ. ಕೊನೆಗೆ ತೊಂಬತ್ತು ದಾಟಿದ ವಯಸ್ಸಿನಲ್ಲಿ, ಲೇಖಕನ ನಾನ್ನೂರನೆಯ ಜನ್ಮವರ್ಷದ ಸಂದರ್ಭಕ್ಕೆ ಈ ಪ್ರತಿಮೆಯನ್ನು ಪ್ಯಾರಿಸ್ ನಗರಕ್ಕೆ ದಾನವಾಗಿ ಕೊಟ್ಟ. 1934ರಲ್ಲಿ ಅದು ಸ್ಥಾಪನೆಯಾಯಿತು. ಕಡೆದವನು ಪೋಲ್ ಲಾಂದೋವ್ಸ್ಕಿ. ರಿಯೊ ಡಿ ಜನೈರೊ ನಗರದ ಬೆಟ್ಟದ ತುದಿಯಲ್ಲಿ ಕೈಚಾಚಿ ನಿಂತಿರುವ ಕ್ರಿಸ್ತನ ಮಹಾಪ್ರತಿಮೆಯನ್ನು ನಮ್ಮ ಮಕ್ಕಳು ಚಿತ್ರಗಳಲ್ಲಿ ಕಂಡಿರುತ್ತಾರೆ; 1931ರಲ್ಲಿ ಲೋಕಾರ್ಪಣೆಯಾದ ಅದರ ಶಿಲ್ಪಿಯೂ ಈತನೇ. ಮೋಡದೆತ್ತರದಲ್ಲಿ ನಿಲ್ಲುವ ಮೂರ್ತಿಯನ್ನು ರೂಪಿಸಿದ ಕೈ ಮೂರೇ ವರ್ಷಗಳ ಅನಂತರ ಕಾಲುದಾರಿಯ ಪಕ್ಕದಲ್ಲಿ ಕೂತು ಹರಟುವಂಥ ಮನುಷ್ಯನನ್ನು ಮಾಡಿತು. ಎರಡರಲ್ಲಿ ಯಾವುದು ಹೆಚ್ಚು ಕಷ್ಟದ ಕೆಲಸ ಎಂದು ಯಾರಾದರೂ ಕೇಳಿದರೆ ನಾನು ಎರಡನೆಯದರ ಪರ ವಾದಿಸಿಯೇನು. ದೂರದಿಂದ ಪೂಜ್ಯವೆನಿಸುವಂತೆ ಮಾಡಲು ಎತ್ತರ ನೆರವಾಗುತ್ತದೆ. ಹತ್ತಿರದಿಂದ ಆಪ್ತವೆನಿಸುವಂತೆ ಮಾಡಲು ನೆರವಾಗುವುದು ಏನೂ ಇಲ್ಲ.

ಲಾಂದೋವ್ಸ್ಕಿ ಅದನ್ನು ಮೊದಲು ಕೊಟ್ಟದ್ದು ಬಿಳಿಯ ಅಮೃತಶಿಲೆಯಲ್ಲಿ. ಅಮೃತಶಿಲೆಯ ಚೆಲುವಿಗೂ ದೌರ್ಬಲ್ಯಕ್ಕೂ ಕಾರಣ ಒಂದೇ. ಅದು ಮೂಲತಃ ಸುಣ್ಣಕಲ್ಲು, ಭೂಗರ್ಭದ ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ಹರಳುಗಟ್ಟಿದ್ದು. ಬೆಳಕು ಅದರ ಮೇಲ್ಮೈಯಲ್ಲಿಯೇ ನಿಲ್ಲದೆ ತುಸು ಒಳಕ್ಕಿಳಿದು ಮರಳುತ್ತದೆ. ಆದುದರಿಂದಲೇ ಒಳ್ಳೆಯ ಶಿಲ್ಪಿಯ ಕೈಯಲ್ಲಿ ಅದು ಚರ್ಮದಂತೆ ಕಾಣುತ್ತದೆ. ಆದರೆ ಬಣ್ಣವೂ ಜಿಡ್ಡೂ ಹಾಗೆಯೇ ಒಳಕ್ಕಿಳಿಯುತ್ತವೆ. ಆಮ್ಲವಿರುವ ನಗರದ ಮಳೆ ಅದನ್ನು ಕೊರೆಯುತ್ತದೆ. ತಿಕ್ಕಿ ತೊಳೆದರೆ ಕಲೆಯ ಜೊತೆಗೆ ಶಿಲ್ಪಿಯ ಉಳಿಯ ಗುರುತೂ ಹೋಗುತ್ತದೆ. ಎದುರಿಗೇ ವಿಶ್ವವಿದ್ಯಾಲಯ, ಕೈಗೆಟಕುವ ಎತ್ತರ, ರಾತ್ರಿಯ ಏಕಾಂತ. ಅಂಥಲ್ಲಿ ಬಿಳಿಯ ಕಲ್ಲು ಎಷ್ಟು ಕಾಲ ಬಿಳಿಯಾಗಿ ಉಳಿದೀತು? ವಿದ್ಯಾರ್ಥಿಗಳ ಚೇಷ್ಟೆಗೂ ಬಣ್ಣಕ್ಕೂ ಅದು ಮತ್ತೆ ಮತ್ತೆ ಬಲಿಯಾಯಿತು. 1989ರಲ್ಲಿ ನಗರದವರು ಅಮೃತಶಿಲೆಯನ್ನು ತೆಗೆದು ಅದೇ ರೂಪದ ಕಂಚಿನ ಪ್ರತಿಯನ್ನು ಕೂರಿಸಿದರು. ಶಾಶ್ವತವೆಂದು ತಂದ ಕಲ್ಲು ಐವತ್ತೈದು ವರ್ಷ ಮಾತ್ರ ಬೀದಿಯಲ್ಲಿ ಬಾಳಿತು. ಕಂಚಿನ ಮಾತು ಬೇರೆ. ಅದನ್ನು ಮುಟ್ಟಿದಷ್ಟೂ ಮೇಲಿನ ಕಪ್ಪು ಪದರ ಸವೆದು ಒಳಗಿನ ಲೋಹ ಹೊಳೆಯುತ್ತದೆ. ಕಲ್ಲಿನಲ್ಲಿ ಹಾನಿಯಾಗಿದ್ದ ಸ್ಪರ್ಶ ಕಂಚಿನಲ್ಲಿ ಅಲಂಕಾರವಾಯಿತು.

ಇನ್ನು ಅದೃಷ್ಟದ ವಿಷಯ. 1580ರಲ್ಲಿ ಪುಸ್ತಕ ಪ್ರಕಟವಾದ ಮೇಲೆ ಮಾಂಟೇನ್ ಕುದುರೆಯೇರಿ ಜರ್ಮನಿ, ಸ್ವಿಟ್ಜರ್ಲೆಂಡ್, ಇಟಲಿಗಳ ಪ್ರವಾಸಕ್ಕೆ ಹೊರಟ. ರೋಮಿನ ಸುಂಕದವರು ಅವನ ಪೆಟ್ಟಿಗೆಯಲ್ಲಿದ್ದ ಪುಸ್ತಕಗಳನ್ನು ಪರಿಶೀಲನೆಗೆ ಒಯ್ದರು. ಅವುಗಳಲ್ಲಿ ಅವನ ಸ್ವಂತ ಪುಸ್ತಕವೂ ಇತ್ತು. ತಿಂಗಳುಗಳ ಅನಂತರ ಧರ್ಮಾಧಿಕಾರಿಗಳು ಆಕ್ಷೇಪಗಳ ಪಟ್ಟಿಯೊಡನೆ ಅದನ್ನು ಮರಳಿಸಿದರು. ಅವರ ಆಕ್ಷೇಪಗಳಲ್ಲೊಂದು, ದೇವರ ಚಿತ್ತವೆನ್ನಬೇಕಾದ ಕಡೆಗಳಲ್ಲಿ ಈತ 'ಅದೃಷ್ಟ' ಎಂಬ ಪದವನ್ನು ಬಳಸುತ್ತಾನೆ ಎಂಬುದು. ಆತ ವಿನಯದಿಂದ ಕೇಳಿಸಿಕೊಂಡ, ಊರಿಗೆ ಮರಳಿದ, ಪದವನ್ನು ತೆಗೆಯಲಿಲ್ಲ. ಹೀಗೆ ಅಧಿಕಾರದ ಒತ್ತಾಯಕ್ಕೂ ಬಗ್ಗದೆ ಅದೃಷ್ಟವೆಂಬ ಮಾತನ್ನು ಉಳಿಸಿಕೊಂಡವನ ಬಳಿಗೆ ವಿದ್ಯಾರ್ಥಿಗಳು ಅದೃಷ್ಟವನ್ನು ಕೇಳಿಕೊಂಡು ಬರುವುದು ಒಂದು ಬಗೆಯಲ್ಲಿ ನ್ಯಾಯವೇ ಆಗಿದೆ.

ಆದರೆ ಬಾಯಿಪಾಠದ ನೆರವಿಗೆ ಬರುವವನು ಆತನಲ್ಲ. ಮಕ್ಕಳ ಶಿಕ್ಷಣವನ್ನು ಕುರಿತು ಆತ ಬರೆದ ದೀರ್ಘ ಪ್ರಬಂಧ ಮೊದಲ ಭಾಗದಲ್ಲಿದೆ. ಚೊಚ್ಚಲ ಮಗುವಿನ ನಿರೀಕ್ಷೆಯಲ್ಲಿದ್ದ ದಿಯಾನ್ ದ ಫ್ವಾ ಎಂಬ ಕುಲೀನ ಸ್ತ್ರೀಗೆ ಅರ್ಪಿಸಿದ ಬರಹ ಅದು. ಕಂಠಪಾಠವಾಗಿ ತಿಳಿದದ್ದು ತಿಳಿವೇ ಅಲ್ಲ, ನೆನಪಿನ ವಶಕ್ಕೆ ಒಪ್ಪಿಸಿದ ಠೇವಣಿ ಮಾತ್ರ ಎಂಬುದು ಅದರ ನಿಲುವು. ಆಲಿಕೆಯೊಳಗೆ ನೀರು ಸುರಿದಂತೆ ಮಗುವಿನ ಕಿವಿಯೊಳಗೆ ಕೂಗುತ್ತಲೇ ಇರುವ ಗುರುವನ್ನು ಆತ ಬೇಡವೆನ್ನುತ್ತಾನೆ. ಕುದುರೆಯ ಗತಿಯನ್ನರಿಯಲು ಅದನ್ನು ಮುಂದೆ ಓಡಬಿಟ್ಟು ನೋಡುವಂತೆ, ಗುರು ಮೊದಲು ಮಗುವನ್ನು ಮಾತನಾಡಗೊಡಬೇಕು; ಪಾಠದ ಪದಗಳನ್ನಲ್ಲ, ಅದರ ಅರ್ಥವನ್ನೂ ತಿರುಳನ್ನೂ ಕೇಳಬೇಕು; ಜೇನುನೊಣ ಹಲವು ಹೂಗಳಿಂದ ತಂದರೂ ಕೊನೆಗೆ ಆಗುವ ಜೇನು ಅದರದೇ ಆಗುವಂತೆ, ಕಲಿತದ್ದು ಮಗುವಿನದೇ ಆಗಬೇಕು. ತುಂಬಿಸಿದ ತಲೆಗಿಂತ ಚೆನ್ನಾಗಿ ರೂಪುಗೊಂಡ ತಲೆ ಮೇಲು ಎಂಬ ಆತನ ಮಾತು ಇಂದು ಶಿಕ್ಷಣದ ಸಭೆಗಳಲ್ಲೆಲ್ಲ ಕೇಳಿಬರುತ್ತದೆ. ಅದನ್ನು ಉದ್ಧರಿಸುವವರು ಸಾಮಾನ್ಯವಾಗಿ ಮರೆಯುವ ಅಂಶವೊಂದಿದೆ: ಮಾಂಟೇನ್ ಅದನ್ನು ಹೇಳಿದ್ದು ವಿದ್ಯಾರ್ಥಿಯ ಕುರಿತಾಗಿ ಅಲ್ಲ, ಅಧ್ಯಾಪಕನನ್ನು ಆರಿಸುವ ವಿಷಯದಲ್ಲಿ. ಮಗುವಿನ ತಲೆಯನ್ನು ಪರೀಕ್ಷಿಸುವ ಮೊದಲು ಕಲಿಸುವವನ ತಲೆಯನ್ನು ನೋಡಿ ಎಂದು ಆತ ತಾಯಿಗೆ ಹೇಳುತ್ತಿದ್ದಾನೆ.

ಆತನ ಸ್ವಂತ ಕಲಿಕೆಯ ಕಥೆ ಇದಕ್ಕಿಂತ ಸ್ವಾರಸ್ಯಕರ. ಕನ್ನಡ ಮಾಧ್ಯಮದ ಶಾಲೆಗೆ ಮಕ್ಕಳನ್ನು ಕಳುಹಿಸುವ ಮನೆಗಳಲ್ಲಿ ಅದನ್ನು ವಿವರವಾಗಿಯೇ ಹೇಳಬೇಕು. ತಂದೆ ಪಿಯೇರ್ ಎಕೆಮ್ ಹೊಸ ವಿಚಾರಗಳ ಮನುಷ್ಯ. ಆ ಕಾಲದ ಯುರೋಪಿನಲ್ಲಿ ವಿದ್ಯೆಯ ಭಾಷೆ, ಧರ್ಮದ ಭಾಷೆ, ಪದವಿಯ ಭಾಷೆ ಎಲ್ಲವೂ ಲ್ಯಾಟಿನ್. ಮಕ್ಕಳು ವರ್ಷಗಟ್ಟಲೆ ಬೆತ್ತದ ಭಯದಲ್ಲಿ ಅದನ್ನು ಕಲಿಯುತ್ತಿದ್ದರು. ಆ ಕಷ್ಟವೇ ಬೇಡವೆಂದು ತಂದೆ ಒಂದು ಉಪಾಯ ಹೂಡಿದ. ಮಗು ಮಾತು ಕಲಿಯುವ ಮೊದಲೇ, ಫ್ರೆಂಚ್ ಭಾಷೆಯ ಗಂಧವೂ ಇಲ್ಲದ ಒಬ್ಬ ಜರ್ಮನ್ ವಿದ್ವಾಂಸನನ್ನು ಮನೆಗೆ ಕರೆಸಿ ಕೂಸನ್ನು ಅವನ ಕೈಗೊಪ್ಪಿಸಿದ. ಮಗುವಿನ ಮುಂದೆ ತಂದೆ, ತಾಯಿ, ಆಳು, ಸೇವಕಿ ಯಾರೂ ಲ್ಯಾಟಿನ್ ಅಲ್ಲದೆ ಬೇರೆ ನುಡಿಯಲ್ಲಿ ಮಾತನಾಡಕೂಡದೆಂದು ಕಟ್ಟಪ್ಪಣೆ. ಎಲ್ಲರೂ ತಮಗೆ ಬೇಕಾದಷ್ಟು ಲ್ಯಾಟಿನ್ ಕಲಿತರು. ಅದು ಮನೆಯಿಂದ ಸುತ್ತಲ ಹಳ್ಳಿಗಳಿಗೂ ಹರಡಿ, ಕುಶಲಕರ್ಮಿಗಳ ಉಪಕರಣಗಳಿಗೆ ಅಲ್ಲಿ ಲ್ಯಾಟಿನ್ ಹೆಸರುಗಳೇ ನಿಂತುಬಿಟ್ಟವೆಂದು ಮಾಂಟೇನ್ ಬರೆಯುತ್ತಾನೆ. ಬೆಳಿಗ್ಗೆ ಮಗುವನ್ನು ದಿಢೀರನೆ ಎಬ್ಬಿಸಬಾರದೆಂದು ವಾದ್ಯ ನುಡಿಸಿ ಎಬ್ಬಿಸುತ್ತಿದ್ದರಂತೆ. ಆರು ವರ್ಷ ದಾಟುವವರೆಗೂ ಆ ಬಾಲಕನಿಗೆ ತನ್ನ ನೆಲದ ನುಡಿ ಅರಬ್ಬಿಯಷ್ಟೇ ಅಪರಿಚಿತವಾಗಿತ್ತು.

ಬಳಿಕ ಆತನನ್ನು ಬೋರ್ದೋದ ಗುಯೆನ್ ವಿದ್ಯಾಲಯಕ್ಕೆ ಸೇರಿಸಿದರು. ಆಗ ಫ್ರಾನ್ಸಿನಲ್ಲಿಯೇ ಶ್ರೇಷ್ಠವೆನಿಸಿದ್ದ ಶಾಲೆ. ಜಾರ್ಜ್ ಬುಕ್ಯಾನನ್‌ನಂಥ ಕವಿಗಳು ಅಲ್ಲಿ ಕಲಿಸುತ್ತಿದ್ದರು. ಅಷ್ಟಾದರೂ ಅದು ಶಾಲೆಯೇ ಎಂದು ಆತ ನಿಟ್ಟುಸಿರಿಡುತ್ತಾನೆ. ಅಲ್ಲಿಗೆ ಹೋದ ಮೇಲೆ ತನ್ನ ಲ್ಯಾಟಿನ್ ಕೆಟ್ಟಿತು ಎಂಬುದು ಆತನ ದೂರು. ಆ ಕಾಲದ ಶಾಲೆಗಳನ್ನು ಆತ ಎಳೆಯರ ಸೆರೆಮನೆಗಳೆಂದು ಕರೆದದ್ದೂ, ಪಾಠದ ಹೊತ್ತಿಗೆ ಹೋದರೆ ಪೆಟ್ಟು ತಿನ್ನುವ ಮಕ್ಕಳ ಚೀತ್ಕಾರ, ಕೋಪದಿಂದ ಮತ್ತರಾದ ಗುರುಗಳ ಕೂಗು ಇವಲ್ಲದೆ ಬೇರೇನೂ ಕೇಳಿಸದೆಂದು ಬರೆದದ್ದೂ ಅದೇ ಪ್ರಬಂಧದಲ್ಲಿ.

ಈಗ ಮುಖ್ಯ ಪ್ರಶ್ನೆ. ಮೊದಲ ನುಡಿಯಾಗಿ ಲ್ಯಾಟಿನ್ ಬಂದವನು, ಅದರಲ್ಲಿ ಬರೆದರೆ ಯುರೋಪಿನ ವಿದ್ವಾಂಸರೆಲ್ಲ ಓದುತ್ತಿದ್ದ ಕಾಲದಲ್ಲಿ, ತನ್ನ ಏಕೈಕ ಪುಸ್ತಕವನ್ನು ಏಕೆ ಫ್ರೆಂಚಿನಲ್ಲಿ ಬರೆದ? ಬರಿಯ ಫ್ರೆಂಚೂ ಅಲ್ಲ. ಅದು ಸಾಲದಾದಲ್ಲಿ ತನ್ನ ಸೀಮೆಯ ಗಾಸ್ಕನ್ ನುಡಿ ಕೆಲಸ ಪೂರೈಸಲಿ ಎಂಬ ಧೈರ್ಯದಿಂದ ಬರೆದ ಫ್ರೆಂಚ್. ಆತನೇ ಮೂರನೆಯ ಭಾಗದಲ್ಲಿ ಇದಕ್ಕೊಂದು ಉತ್ತರ ಕೊಟ್ಟಿದ್ದಾನೆ. ತನ್ನ ಪುಸ್ತಕ ಕೆಲವೇ ಜನರಿಗಾಗಿ, ಕೆಲವೇ ವರ್ಷಗಳಿಗಾಗಿ. ಬಹುಕಾಲ ಬಾಳಬೇಕಾದ ವಿಷಯವಾಗಿದ್ದರೆ ಅದನ್ನು ಇದಕ್ಕಿಂತ ಗಟ್ಟಿಯಾದ ಭಾಷೆಗೆ ಒಪ್ಪಿಸಬೇಕಾಗಿತ್ತು ಎನ್ನುತ್ತಾನೆ. ತನ್ನ ಜೀವಿತದಲ್ಲಿಯೇ ಫ್ರೆಂಚ್ ಅರ್ಧಕ್ಕರ್ಧ ಬದಲಾದುದನ್ನು ಕಂಡಿದ್ದ ಆತನಿಗೆ, ಇನ್ನೈವತ್ತು ವರ್ಷಗಳಲ್ಲಿ ಅದು ಈ ರೂಪದಲ್ಲಿ ಉಳಿದೀತೆಂಬ ಭರವಸೆಯಿರಲಿಲ್ಲ. ಲ್ಯಾಟಿನ್ ಅಮೃತಶಿಲೆ, ಫ್ರೆಂಚ್ ಹಸಿಮಣ್ಣು. ಆತ ತಿಳಿದೂ ತಿಳಿದೂ ಹಸಿಮಣ್ಣನ್ನು ಆರಿಸಿಕೊಂಡ. ಏಕೆಂದರೆ ನೆರೆಯವನೂ ಬಂಧುವೂ ಓದಬೇಕಾದದ್ದು ಅದನ್ನು. ಆತನ ಊಹೆ ಎರಡೂ ಕಡೆ ತಲೆಕೆಳಗಾಯಿತು. ಬೀದಿಯ ಅಮೃತಶಿಲೆಯನ್ನು ಐವತ್ತೈದು ವರ್ಷಗಳಲ್ಲಿ ತೆಗೆಯಬೇಕಾಯಿತು; ಐವತ್ತು ವರ್ಷ ಬಾಳದೆಂದುಕೊಂಡ ಭಾಷೆಯಲ್ಲಿ ಬರೆದ ಪುಸ್ತಕಕ್ಕೆ ನಾಲ್ಕು ಶತಮಾನ ಕಳೆದಿದೆ. ಅದೇ ಕಾಲದಲ್ಲಿ ವಿದ್ವಾಂಸರು ಲ್ಯಾಟಿನ್‌ನಲ್ಲಿ ಬರೆದ ಗ್ರಂಥಗಳ ರಾಶಿಯನ್ನು ಇಂದು ತಜ್ಞರ ಹೊರತು ತೆರೆಯುವವರಿಲ್ಲ.

ಈ ಕಥೆಗೆ ಕಾನೂನಿನದೊಂದು ಹಿನ್ನೆಲೆಯಿದೆ. ಮಾಂಟೇನ್ ಆರು ವರ್ಷದವನಾಗಿ ಲ್ಯಾಟಿನ್‌ನಲ್ಲಿಯೇ ಆಡಿಕೊಂಡಿದ್ದ 1539ರಲ್ಲಿ, ದೊರೆ ಒಂದನೆಯ ಫ್ರಾನ್ಸಿಸ್ ವಿಲ್ಲೇ-ಕೋತ್ರೇ ಎಂಬಲ್ಲಿ ಒಂದು ರಾಜಶಾಸನ ಹೊರಡಿಸಿದ. ನ್ಯಾಯಾಲಯದ ತೀರ್ಪುಗಳೂ ದಸ್ತಾವೇಜುಗಳೂ ಇನ್ನು ಮುಂದೆ ಲ್ಯಾಟಿನ್‌ನಲ್ಲಿ ಇರಕೂಡದು, ಫ್ರೆಂಚ್ ಮಾತೃಭಾಷೆಯಲ್ಲಿರಬೇಕು ಎಂದು ಅದು ವಿಧಿಸಿತು. ಕಕ್ಷಿದಾರನಿಗೆ ತನ್ನ ಮೊಕದ್ದಮೆಯ ಗತಿ ಅರ್ಥವಾಗಬೇಕೆಂಬುದು ಅದರ ಸದುದ್ದೇಶ. ಫ್ರಾನ್ಸಿನ ನ್ಯಾಯಾಲಯಗಳು ಇಂದಿಗೂ ಆಧಾರವಾಗಿ ಬಳಸುವ ಅತ್ಯಂತ ಹಳೆಯ ಶಾಸನಗಳಲ್ಲಿ ಅದೂ ಒಂದು. ಆದರೆ ದಕ್ಷಿಣದ ರೈತನಿಗೆ ಫ್ರೆಂಚ್ ಮಾತೃಭಾಷೆಯಾಗಿರಲಿಲ್ಲ. ಅವನದು ಗಾಸ್ಕನ್ ಅಥವಾ ಅದರ ಸೋದರ ನುಡಿಗಳು. ಶಾಸನದಲ್ಲಿರುವ ಆ ಎರಡು ಪದಗಳ ಅರ್ಥವ್ಯಾಪ್ತಿಯೇನೆಂಬ ವಾದ ಪಂಡಿತರಲ್ಲಿ ಇನ್ನೂ ಮುಗಿದಿಲ್ಲ. ಕಾಲಕ್ರಮದಲ್ಲಿ ಆದದ್ದು ಮಾತ್ರ ಸ್ಪಷ್ಟ: ಲ್ಯಾಟಿನ್ ಹೋದ ಜಾಗಕ್ಕೆ ರಾಜಧಾನಿಯ ಭಾಷೆ ಬಂತು, ಸೀಮೆಯ ನುಡಿಗಳು ಕಚೇರಿಯ ಹೊರಗೆ ನಿಂತವು.

ಕಾಸರಗೋಡಿನಂಥ ನೆಲದಲ್ಲಿ ವಕೀಲಿ ಮಾಡುವವನಿಗೆ ಇದನ್ನು ಓದುವಾಗ ಹತ್ತಿರದ್ದೇನೋ ನೆನಪಾಗದಿರದು. ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ ಮರಾಟಿಯೋ, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ, ಮೇಲಿನ ನ್ಯಾಯಾಲಯದಲ್ಲಿ ಇಂಗ್ಲಿಷ್. ಒಂದೇ ಮಗು ಈ ನಾಲ್ಕು ಮೆಟ್ಟಿಲುಗಳನ್ನು ಹತ್ತಬೇಕು. ಭಾಷಾವಾರು ರಾಜ್ಯಗಳು ಏರ್ಪಟ್ಟ 1956ರಲ್ಲಿಯೇ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಒದಗಿಸಲು ಪ್ರಯತ್ನಿಸಬೇಕೆಂದು ರಾಜ್ಯಗಳಿಗೆ ಹೇಳುತ್ತದೆ. 'ಪ್ರಯತ್ನಿಸಬೇಕು' ಎಂಬುದು ಕಾನೂನಿನಲ್ಲಿ ಮೆತ್ತನೆಯ ಪದ. ಮಾಂಟೇನನ ಪುಸ್ತಕದ ಹೆಸರಿನ ಅರ್ಥವೂ ಅದೇ ಎಂಬುದು ಒಂದು ಕಾಕತಾಳೀಯ.

ನ್ಯಾಯಾಧೀಶನಾಗಿದ್ದ ಮಾಂಟೇನನ ಬಗ್ಗೆ ಕೆಲವು ಮಾತು ಹೇಳದಿದ್ದರೆ ವೃತ್ತಿಗೆ ದ್ರೋಹವಾದೀತು. ಆತನಿಗೆ ಕಾನೂನಿನ ಮೇಲೆ ಭ್ರಮೆಯಿರಲಿಲ್ಲ. ಕೊನೆಯ ಪ್ರಬಂಧದಲ್ಲಿ ತನ್ನ ಕಾಲದಲ್ಲಿ ನಡೆದ ಒಂದು ಘಟನೆಯನ್ನು ಹೇಳುತ್ತಾನೆ. ಕೊಲೆಯ ಆರೋಪದಲ್ಲಿ ಕೆಲವರಿಗೆ ಮರಣದಂಡನೆ ನಿಶ್ಚಯವಾಗಿದೆ, ಇನ್ನೂ ಘೋಷಣೆಯಾಗಿಲ್ಲ. ಅಷ್ಟರಲ್ಲಿ ನೆರೆಯ ಕೆಳಗಿನ ನ್ಯಾಯಾಲಯದಿಂದ ಸುದ್ದಿ ಬರುತ್ತದೆ: ನಿಜವಾದ ಕೊಲೆಗಾರರು ತಮ್ಮ ವಶದಲ್ಲಿದ್ದಾರೆ, ಒಪ್ಪಿಕೊಂಡಿದ್ದಾರೆ, ಸಂಶಯಕ್ಕೆ ಎಡೆಯಿಲ್ಲ. ನ್ಯಾಯಾಧೀಶರು ಕೂತು ಚರ್ಚಿಸಿದರು. ಒಮ್ಮೆ ಕ್ರಮಬದ್ಧವಾಗಿ ತೀರ್ಮಾನವಾದದ್ದನ್ನು ತಡೆಹಿಡಿದರೆ ಕೆಟ್ಟ ಪೂರ್ವನಿದರ್ಶನವಾಗುವುದಿಲ್ಲವೇ? ಕೊನೆಗೆ ಆ ನಿರಪರಾಧಿಗಳನ್ನು ವಿಧಿವಿಧಾನದ ಮರ್ಯಾದೆಗೆ ಬಲಿಕೊಡಲಾಯಿತು. ಮಾಂಟೇನ್ ಈ ಕಥೆಯನ್ನು ಕೂಗಾಡದೆ ಹೇಳುತ್ತಾನೆ. ಅಪರಾಧಕ್ಕಿಂತ ಹೆಚ್ಚು ಅಪರಾಧವಾದ ಎಷ್ಟು ಶಿಕ್ಷೆಗಳನ್ನು ಕಂಡಿದ್ದೇನೆಂದು ಮಾತ್ರ ಸೇರಿಸುತ್ತಾನೆ.

ಇನ್ನೊಂದು ಕಡೆ ಮಾರ್ಟಿನ್ ಗೇರ್ ಪ್ರಕರಣ ಬರುತ್ತದೆ. ಊರು ಬಿಟ್ಟುಹೋದ ಗಂಡನೆಂದು ಹೇಳಿಕೊಂಡು ವರ್ಷಗಟ್ಟಲೆ ಸಂಸಾರ ಮಾಡಿದ ವೇಷಧಾರಿ, ಕೊನೆಯ ಗಳಿಗೆಯಲ್ಲಿ ಮರದ ಕಾಲೂರಿ ನ್ಯಾಯಾಲಯಕ್ಕೆ ಬಂದ ನಿಜವಾದ ಗಂಡ. ತುಲೂಸ್ ನ್ಯಾಯಾಲಯ 1560ರಲ್ಲಿ ವೇಷಧಾರಿಯನ್ನು ಗಲ್ಲಿಗೇರಿಸಿತು. ವಿಚಾರಣೆ ನಡೆಸಿದ ನ್ಯಾಯಾಧೀಶ ಕೊರಾ ಅದನ್ನು ಪುಸ್ತಕವಾಗಿ ಬರೆದು ಕೀರ್ತಿವಂತನಾದ. ಅಷ್ಟೊಂದು ಸಂಶಯಗಳಿದ್ದ ಪ್ರಕರಣದಲ್ಲಿ ನೇಣು ವಿಧಿಸಿದ್ದು ತೀರ ಎದೆಗಾರಿಕೆಯೆಂದು ಮಾಂಟೇನನಿಗೆ ಅನಿಸಿತು. ನ್ಯಾಯಾಲಯಕ್ಕೆ ಇದರಲ್ಲಿ ಏನೂ ಅರ್ಥವಾಗಲಿಲ್ಲ ಎಂದು ಹೇಳುವ ಒಂದು ಬಗೆಯ ತೀರ್ಪನ್ನೂ ನಾವು ಒಪ್ಪಿಕೊಳ್ಳಬೇಕು ಎಂಬುದು ಆತನ ಸೂಚನೆ. ವಕೀಲರ ಕೊಠಡಿಯಲ್ಲಿ ಇದನ್ನು ಹೇಳಿದರೆ ಎಲ್ಲರೂ ನಗುತ್ತಾರೆ. ಆದರೆ ಸಂಶಯದ ಲಾಭವೆಂದು ನಾವು ದಿನವೂ ವಾದಿಸುವುದು ಇದನ್ನೇ ಅಲ್ಲವೇ? ಚಿತ್ರಹಿಂಸೆಯ ವಿಷಯದಲ್ಲಿಯೂ ಆತ ಮುಂದಿದ್ದ. ಅದು ಸತ್ಯವನ್ನಲ್ಲ, ಸಹನಶಕ್ತಿಯನ್ನು ಅಳೆಯುವ ಸಾಧನವೆಂದು, ಅದನ್ನು ಕಾನೂನು ಒಪ್ಪಿದ್ದ ಕಾಲದಲ್ಲಿ ಮಾಜಿ ನ್ಯಾಯಾಧೀಶನೊಬ್ಬ ಬರೆದ. ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತುಪಡಿಸಕೂಡದೆಂದು 1872ರ ನಮ್ಮ ಸಾಕ್ಷ್ಯ ಕಾಯಿದೆ ವಿಧಿಸಿದ ಹಿಂದಿರುವುದು ಇದೇ ಅನುಭವ.

ಆತ ಬದುಕಿದ್ದು ನೆಮ್ಮದಿಯ ಕಾಲದಲ್ಲಲ್ಲ. ಕ್ಯಾಥೊಲಿಕರಿಗೂ ಪ್ರೊಟೆಸ್ಟಂಟರಿಗೂ ಮೂವತ್ತು ವರ್ಷಗಳಿಗೂ ಮಿಕ್ಕಿ ನಡೆದ ಅಂತರ್ಯುದ್ಧದಲ್ಲಿ ಅವನ ಸ್ವಂತ ಒಡಹುಟ್ಟಿದವರೇ ಎರಡು ಪಾಳೆಯಗಳಲ್ಲಿದ್ದರು. 1581ರಿಂದ ನಾಲ್ಕು ವರ್ಷ ಬೋರ್ದೋದ ಮೇಯರ್ ಆಗಿ ಆತ ಎರಡೂ ಪಕ್ಷದವರೊಡನೆ ಮಾತುಕತೆ ಉಳಿಸಿಕೊಂಡ. ಇಬ್ಬರಿಂದಲೂ ಸಂಶಯಕ್ಕೆ ಗುರಿಯಾದ. ಮನುಷ್ಯನೊಬ್ಬನನ್ನು ಜೀವಂತ ಸುಡುವುದೆಂದರೆ ನಮ್ಮ ಊಹೆಗಳಿಗೆ ನಾವು ಕಟ್ಟುವ ಬೆಲೆ ತೀರ ಹೆಚ್ಚಾಯಿತು ಎಂಬ ಅರ್ಥದ ಅವನ ಮಾತು ಆ ದಿನಗಳದು.

ಪ್ಯಾರಿಸಿನ ಪ್ರತಿಮೆ ಕುಳಿತಿರುವ ಆ ಉದ್ಯಾನಕ್ಕೆ ಬಹುಕಾಲ ಪೋಲ್ ಪೆಂಲೆವೆ ಎಂಬ ಗಣಿತಜ್ಞ ರಾಜಕಾರಣಿಯ ಹೆಸರಿತ್ತು. 2021ರಲ್ಲಿ ಅದಕ್ಕೆ ಸಾಮ್ಯುಯೆಲ್ ಪಾಟಿ ಎಂಬ ಹೆಸರಿಟ್ಟರು. ಆತ ಪ್ಯಾರಿಸ್ ಸಮೀಪದ ಊರೊಂದರ ಶಾಲೆಯಲ್ಲಿ ಇತಿಹಾಸ ಮತ್ತು ಭೂಗೋಳದ ಅಧ್ಯಾಪಕ. ಅಭಿವ್ಯಕ್ತಿ ಸ್ವಾತಂತ್ರ್ಯದ ಪಾಠದಲ್ಲಿ ತೋರಿಸಿದ ವ್ಯಂಗ್ಯಚಿತ್ರಗಳ ಕಾರಣಕ್ಕೆ 2020ರ ಅಕ್ಟೋಬರ್ 16ರಂದು ಶಾಲೆಯಿಂದ ಮನೆಗೆ ನಡೆದುಹೋಗುವಾಗ ಉಗ್ರವಾದಿಯೊಬ್ಬನಿಂದ ಹತನಾದ. ಶಿಕ್ಷೆಯ ಕ್ರೌರ್ಯದ ಬಗ್ಗೆಯೂ ಅಧ್ಯಾಪಕನ ಆಯ್ಕೆಯ ಬಗ್ಗೆಯೂ ಬರೆದವನು ಈಗ ಕುಳಿತಿರುವುದು ಒಬ್ಬ ಶಾಲಾ ಅಧ್ಯಾಪಕನ ಹೆಸರಿನ 'ಅಂಗಳ'ದಲ್ಲಿ. ಪರೀಕ್ಷೆಗೆ ಹೊರಟ ಮಕ್ಕಳು ಈ ಎರಡು ಹೆಸರುಗಳ ನಡುವಿನಿಂದ ಹಾದುಹೋಗುತ್ತಾರೆ.

ಮಾಂಟೇನ್ ಬೇಕೆಂದದ್ದು ಪುಸ್ತಕದ ಕೋಣೆಯ ಮೂಲೆಯನ್ನು. ಅದೂ ಉಳಿದಿದೆ. 1885ರಲ್ಲಿ ಬೆಂಕಿಬಿದ್ದು ಮನೆತನದ ಕೋಟೆಮನೆ ಸುಟ್ಟುಹೋಯಿತು. ಈಗಿರುವುದು ಆಮೇಲೆ ಕಟ್ಟಿದ್ದು. ಅಂಗಳದ ಮೂಲೆಯ ದುಂಡುಗೋಪುರಕ್ಕೆ ಮಾತ್ರ ಬೆಂಕಿ ತಾಗಲಿಲ್ಲ. ಕೆಳಗೆ ಪ್ರಾರ್ಥನಾ ಮಂದಿರ, ಅದರ ಮೇಲೆ ಮಲಗುವ ಕೋಣೆ, ಮೇಲ್ಗಡೆ ಗ್ರಂಥಾಲಯ. ಗೋಡೆ ದುಂಡಾಗಿದ್ದುದರಿಂದ ಕುಳಿತಲ್ಲಿಂದಲೇ ಐದು ಸಾಲುಗಳ ಕಪಾಟಿನ ಎಲ್ಲ ಪುಸ್ತಕಗಳೂ ಒಂದೇ ನೋಟಕ್ಕೆ ಕಾಣುತ್ತಿದ್ದವೆಂದು ಆತ ಹೆಮ್ಮೆಯಿಂದ ವರ್ಣಿಸಿದ್ದಾನೆ. ಸುಮಾರು ಸಾವಿರ ಸಂಪುಟಗಳಿದ್ದವು. ಅವೆಲ್ಲ ಚೆದುರಿಹೋಗಿ, ಆತನ ಸಹಿಯ ಆಧಾರದಿಂದ ನೂರರಷ್ಟನ್ನು ಮಾತ್ರ ಬೇರೆ ಬೇರೆ ಗ್ರಂಥಾಲಯಗಳಲ್ಲಿ ಗುರುತಿಸಲಾಗಿದೆ. ಕಪಾಟುಗಳಿಲ್ಲ, ಮೇಜಿಲ್ಲ. ತಲೆಯೆತ್ತಿ ನೋಡಿದರೆ ಮಾಡಿನ ಮರದ ತೊಲೆಗಳ ಮೇಲೆ ಆತ ಬರೆಯಿಸಿದ ಗ್ರೀಕ್ ಮತ್ತು ಲ್ಯಾಟಿನ್ ಸೂಕ್ತಿಗಳ ಅಕ್ಷರಗಳು ಇನ್ನೂ ಕಾಣುತ್ತವೆ. ಕೆಲವು ಕಡೆಗಳಲ್ಲಿ ಒಂದು ವಾಕ್ಯವನ್ನು ಅಳಿಸಿ ಅದರ ಮೇಲೆ ಇನ್ನೊಂದನ್ನು ಬರೆಯಿಸಿದ ಗುರುತೂ ಇದೆ.